ರಕ್ತ ಕಡಿಮೆ ಅಂದ್ರೆ ಏನು ಕಡಿಮೆ?

‘ಡಾಕ್ಟ್ರು ರಕ್ತ ಕಡಿಮೆ ಇದೆ ಅಂದ್ರು ಅಕ್ಕಾ. ದಿನಾ ಬೀಟ್‌ರೂಟ್ ಜ್ಯೂಸ್ ಕುಡೀತಿದ್ದೀನಿ. ಆದ್ರೂ ಸುಸ್ತು ಹೋಗ್ತಾನೇ ಇಲ್ಲ...’

ಪಕ್ಕದ ಮನೆಯಾಕೆ ಹೀಗೆ ಹೇಳಿಕೊಂಡಾಗ ರಿಪೋರ್ಟ್ ತರಿಸಿ ನೋಡಿದೆ. ಹಿಮೋಗ್ಲೋಬಿನ್ 8.6! ಮೆಟ್ಟಿಲು ಹತ್ತಿದರೆ ಏದುಸಿರು, ಕೂತು ಎದ್ದರೆ ಕಣ್ಣು ಕತ್ತಲೆ. ‘ಮನೆಗೆಲಸ ಮಾಡಿದ್ರೆ ಯಾರಿಗೆ ಸುಸ್ತಾಗಲ್ಲ ಹೇಳಿ’ ಎಂದು ವರ್ಷದಿಂದ ತಳ್ಳಿಕೊಂಡೇ ಬಂದಿದ್ದಾಳೆ.

ಅಷ್ಟಕ್ಕೂ ‘ರಕ್ತ ಕಡಿಮೆ’ ಎಂದರೆ ಲೀಟರ್ ಲೆಕ್ಕದಲ್ಲಿ ರಕ್ತ ಬತ್ತಿದೆ ಎಂದಲ್ಲ. ಹಾಗಾದರೆ ಕಡಿಮೆಯಾಗಿದ್ದೇನು?

ರಕ್ತದೊಳಗೆ ಏನೇನಿದೆ?

ವಯಸ್ಕ ಹೆಣ್ಣುಮಗಳ ಮೈಯಲ್ಲಿ ನಾಲ್ಕರಿಂದ ಐದು ಲೀಟರ್ ರಕ್ತವಿರುತ್ತದೆ. ಲ್ಯಾಬಿನ ಯಂತ್ರದಲ್ಲಿ ಅದನ್ನು ಗಿರ್ರನೆ ತಿರುಗಿಸಿದರೆ, ಇಟ್ಟ ಮಜ್ಜಿಗೆಯ ಮೇಲೆ ತಿಳಿ ನಿಲ್ಲುವ ಹಾಗೆ ಪದರ ಪದರವಾಗುತ್ತದೆ.

ಮೇಲಿನ ಹಳದಿ ತಿಳಿಯೇ ಪ್ಲಾಸ್ಮಾ. ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ಇದೇ. ಇದರಲ್ಲಿ ಶೇ 90ರಷ್ಟು ನೀರು, ಉಳಿದದ್ದು ಪ್ರೋಟೀನು, ಲವಣ, ಸಕ್ಕರೆ, ಹಾರ್ಮೋನು. ನಡುವೆ ತೆಳ್ಳನೆಯ ಬಿಳಿ ಪದರ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ, ಗಾಯದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಲ್ಲಿವೆ. ತಳದಲ್ಲಿ ಕೆಂಪು ರಕ್ತಕಣ. ಹೆಂಗಸರಲ್ಲಿ ಇದರ ಪಾಲು ಶೇ 36ರಿಂದ 46. ರಿಪೋರ್ಟಿನಲ್ಲಿ ‘ಪಿಸಿವಿ’ ಎಂದಿರುವುದು ಇದನ್ನೇ.

ಈ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಹಂಚುತ್ತದೆ. ಅದು ತಯಾರಾಗಲು ಕಬ್ಬಿಣಾಂಶ ಬೇಕೇ ಬೇಕು. ‘ಕಡಿಮೆ’ ಆಗಿರುವುದು ಈ ಹಿಮೋಗ್ಲೋಬಿನ್! ಹೆಂಗಸರಲ್ಲಿ ಇದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ಈ ತೊಂದರೆಯಿದೆ. ತಿಂಗಳ ಮುಟ್ಟು, ಬಸಿರು, ಬಾಣಂತನ ಎಲ್ಲವೂ ಕಬ್ಬಿಣಾಂಶ ಕೇಳುತ್ತವೆ. ನಾವೋ, ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುತ್ತೇವೆ!

ಹೀಗೆ ಮಾಡಿ

* ಬಣ್ಣ ನೋಡಿ ಮೋಸಹೋಗಬೇಡಿ. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ನಂಟಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಂಗೂ ಕಡಿಮೆ.

* ಹುರುಳಿ, ಕಡಲೆ, ದಂಟಿನ ಸೊಪ್ಪು, ನುಗ್ಗೆ ಸೊಪ್ಪು ವಾರವಿಡೀ ಅಡುಗೆಯಲ್ಲಿರಲಿ. ತಿನ್ನುವಾಗ ನಿಂಬೆರಸ ಹಿಂಡಿ, ಇಲ್ಲವೇ ಜೊತೆಗೊಂದು ಸೀಬೆಹಣ್ಣು ತಿನ್ನಿ. ಮಾಂಸಾಹಾರಿಗಳಿಗೆ ಮಟನ್, ಲಿವರ್ ಒಳ್ಳೆಯದು.

* ಊಟದ ಜೊತೆ ಕಾಫಿ, ಟೀ ಬೇಡ. ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಅವು ತಡೆಯುತ್ತವೆ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ.

* ಎಲ್ಲ ರಕ್ತಹೀನತೆಗೂ ಕಬ್ಬಿಣದ ಮಾತ್ರೆಯೇ ಮದ್ದಲ್ಲ. ಬಿ12 ಕೊರತೆ, ಥಲಸ್ಸೇಮಿಯಾ ಕೂಡ ಇರಬಹುದು. ಡಾಕ್ಟರನ್ನು ಕೇಳಿಯೇ ನುಂಗಿ.

* ಮುಟ್ಟಿನಲ್ಲಿ ವಿಪರೀತ ಸ್ರಾವವಿದೆಯೇ? ಮೂಲವ್ಯಾಧಿಯೇ? ನಾಚಿಕೆ ಬಿಟ್ಟು ಹೇಳಿ. ಸೋರುವ ಕೊಡಕ್ಕೆ ಎಷ್ಟು ನೀರು ತುಂಬಿದರೇನು?

* ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಡಿ. ಸುಸ್ತು ಇಳಿಯಿತೆಂದು ಮಧ್ಯದಲ್ಲೇ ಬಿಡಲೂಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೈಯಲ್ಲಿ ಕಬ್ಬಿಣದ ದಾಸ್ತಾನು ತುಂಬಲು ಕೆಲ ತಿಂಗಳು ಬೇಕು.

ಪಕ್ಕದ ಮನೆಯಾಕೆ ಈಗ ಡಾಕ್ಟರ್ ಹೇಳಿದ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಜೊತೆಗೆ ಇನ್ನೊಂದು ಹೊಸ ರೂಢಿ: ಎಲ್ಲರಿಗೂ ಬಡಿಸುವ ಮೊದಲೇ ತನ್ನ ಪಾಲಿನ ಪಲ್ಯವನ್ನು ಬಟ್ಟಲಿಗೆ ತೆಗೆದಿಡುವುದು. ನೀವೂ ಇವತ್ತಿನಿಂದಲೇ ಶುರು ಮಾಡಿ!