ಐದೇ ಐದು ಘನಾಕೃತಿಗಳು

ದಢೇಸುಗೂರಿನ ಬತ್ತದ ಗದ್ದೆಗಳಿಂದ ವಾಯವ್ಯಕ್ಕೆ ಸಾಗಿ, ಸಿಂಧನೂರು, ಮಸ್ಕಿಗಳನ್ನು ದಾಟಿದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ತಲಪುತ್ತೇವೆ. ಅಲ್ಲಿಯ ಬೆಣಚುಕಲ್ಲಿನಲ್ಲಿ ಚಿನ್ನದೊಡನೆ ಪೈರೈಟ್ ಎಂಬ ಖನಿಜವೂ ಇರುವುದುಂಟು. ಕಬ್ಬಿಣ ಮತ್ತು ಗಂಧಕಗಳಿಂದಾದ ಈ ಖನಿಜವು ಹೊಂಬಣ್ಣದಿಂದ ನೋಡುವವರನ್ನು ಮೋಸಗೊಳಿಸುತ್ತದೆ. ಆದರೆ ಗಣಿತಪ್ರಿಯರಿಗೆ ಅದರ ಬಣ್ಣಕ್ಕಿಂತ ಆಕಾರವೇ ಹೆಚ್ಚು ಬೆಲೆಯುಳ್ಳದ್ದು. ಶಿಲ್ಪಿಯು ಕೆತ್ತಿದಂತೆ ನೇರ ಅಂಚುಗಳುಳ್ಳ ಘನಗಳಾಗಿ ಪೈರೈಟ್ ಹರಳುಗಟ್ಟುತ್ತದೆ. ನಮ್ಮ ಅಡಿಗೆಮನೆಯ ಉಪ್ಪಿನ ಹರಳೂ ಹಾಗೆಯೇ.

ಘನದ ಆರು ಮುಖಗಳೂ ಸರಿಸಮನಾದ ಚೌಕಗಳು. ಪ್ರತಿಯೊಂದು ಮೂಲೆಯಲ್ಲಿಯೂ ಮೂರು ಮುಖಗಳು ಕೂಡುತ್ತವೆ. ಹೀಗೆ ಎಲ್ಲ ಮುಖಗಳೂ ಒಂದೇ ಬಗೆಯ ಸಮಭುಜ, ಸಮಕೋನಾಕೃತಿಗಳಾಗಿದ್ದು, ಎಲ್ಲ ಮೂಲೆಗಳಲ್ಲಿಯೂ ಅಷ್ಟೇ ಮುಖಗಳು ಕೂಡುವ ಉಬ್ಬಾದ ಆಕೃತಿಯೇ ಕ್ರಮಬದ್ಧ ಘನಾಕೃತಿ. ಇಂಥವು ಎಷ್ಟಿವೆ? ಐದು ಮಾತ್ರ. ಕಾರಣವನ್ನು ವಾಚಕರು ರಟ್ಟಿನ ತುಂಡುಗಳಿಂದಲೇ ಕಂಡುಕೊಳ್ಳಬಹುದು.

ಒಂದು ಮೂಲೆಯಾಗಬೇಕಾದರೆ ಕನಿಷ್ಠ ಮೂರು ಮುಖಗಳು ಬೇಕು. ಅಲ್ಲಿ ಸೇರುವ ಕೋನಗಳ ಮೊತ್ತ 360 ಅಂಶಗಳಿಗಿಂತ ಕಡಿಮೆಯಿರಬೇಕು. 360 ಆದರೆ ಹಾಳೆ ಚಪ್ಪಟೆಯಾಗಿಯೇ ಉಳಿಯುವುದು. ಸಮಭುಜ ತ್ರಿಕೋನದ ಕೋನ 60 ಅಂಶ. ಮೂಲೆಗೆ ಮೂರು ಸೇರಿದರೆ ನಾಲ್ಕು ಮುಖಗಳ ಆಕೃತಿ, ನಾಲ್ಕಾದರೆ ಎಂಟು ಮುಖಗಳದು, ಐದಾದರೆ ಇಪ್ಪತ್ತು ಮುಖಗಳದು. ಆರು ಸೇರಿದರೆ ಚಪ್ಪಟೆ. ಚೌಕದ ಕೋನ 90; ಮೂರು ಸೇರಿದರೆ ಘನ, ನಾಲ್ಕಾದರೆ ಚಪ್ಪಟೆ. ಪಂಚಭುಜದ ಕೋನ 108. ಮೂರು ಸೇರಿದರೆ 324, ಅದರಿಂದ ಹನ್ನೆರಡು ಮುಖಗಳ ಆಕೃತಿ. ಷಡ್ಭುಜದ ಕೋನ 120. ಮೂರಕ್ಕೇ 360 ತುಂಬಿತು. ಅಲ್ಲಿಗೆ ದಾರಿ ಮುಗಿಯಿತು. ಕ್ರಿ. ಪೂ. 300ರ ಸುಮಾರಿನಲ್ಲಿ ಯೂಕ್ಲಿಡನು ತನ್ನ ಗ್ರಂಥದ ಹದಿಮೂರನೆಯ ಭಾಗದಲ್ಲಿ ಈ ಐದನ್ನೂ ವಿವರಿಸಿದ್ದಾನೆ.

ಪೈರೈಟ್ ಕೆಲವೊಮ್ಮೆ ಹನ್ನೆರಡು ಪಂಚಭುಜಗಳ ಹರಳಾಗಿಯೂ ಬೆಳೆಯುತ್ತದೆ. ಹಾಗಾದರೆ ಇದು ಆ ಐದರಲ್ಲೊಂದೇ? ಅಲ್ಲ. ಅಳೆದು ನೋಡಿದರೆ ಅದರ ಪಂಚಭುಜದ ಒಂದು ಭುಜವು ಉಳಿದ ನಾಲ್ಕಕ್ಕೆ ಸಮನಾಗಿಲ್ಲ. ಹರಳಿನಲ್ಲಿ ಪರಮಾಣುಗಳು ಒಂದೇ ವಿನ್ಯಾಸವನ್ನು ಸಾಲುಸಾಲಾಗಿ ಮರುಕಳಿಸುತ್ತವೆ. ಚೌಕದ ಹಂಚುಗಳಿಂದ ನೆಲವನ್ನು ಸಂದಿಲ್ಲದೆ ಮುಚ್ಚಬಹುದು. ಸಮಪಂಚಭುಜದ ಹಂಚುಗಳನ್ನು ಮೂರು ಕೂಡಿಸಿದರೆ 36 ಅಂಶದ ಸಂದು ಉಳಿಯುತ್ತದೆ. ಮರುಕಳಿಸುವ ಜೋಡಣೆಗೆ ಪಂಚಮುಖ ಸಮತೆ ಒಗ್ಗದು.

ಆದುದರಿಂದಲೇ 1982ರಲ್ಲಿ ಡಾನ್ ಶೆಕ್ಟ್‌ಮನ್ ಅವರು ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಇಪ್ಪತ್ತು ಮುಖಗಳ ಆಕೃತಿಯ ಸಮತೆಯನ್ನು ಕಂಡಾಗ ಅನೇಕ ವಿಜ್ಞಾನಿಗಳು ನಂಬಲಿಲ್ಲ. ಅಲ್ಲಿ ಕ್ರಮವಿತ್ತು, ಆದರೆ ಮರುಕಳಿಕೆಯಿರಲಿಲ್ಲ. 2011ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹೋಲ್ಮಿಯಂ, ಮೆಗ್ನೀಸಿಯಂ, ಸತುವುಗಳ ಇಂಥದೇ ಮಿಶ್ರಲೋಹವು ಹನ್ನೆರಡು ಸಮಪಂಚಭುಜಗಳ ಕಣಗಳಾಗಿ ಬೆಳೆಯುವುದನ್ನೂ ಆಮೇಲೆ ಕಂಡರು. ಹರಳುಗಳ ವಿಷಯದಲ್ಲಿ ನಮ್ಮ ತಿಳಿವಳಿಕೆಯ ಎಲ್ಲೆ ಹೀಗೆ ವಿಸ್ತರಿಸಿತು. ಆದರೆ ಘನಾಕೃತಿಗಳು ಮಾತ್ರ ಇಂದಿಗೂ ಐದೇ.