ಗದ್ದೆ ತುಂಬ ಹಕ್ಕಿ, ಗೂಡಿನಿಂದ ಹಾರಿದ್ದೆಷ್ಟು?

ಸಿದ್ದಾಪುರ, ಕಾರಟಗಿ, ಗಂಗಾವತಿ ಸೀಮೆಯಲ್ಲಿ ಹಕ್ಕಿಗಳಿಗೆ ಬರವಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಎದ್ದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಇಲ್ಲಿನ ಒಣಹೊಲಗಳು ಭತ್ತದ ಗದ್ದೆಗಳಾದವು. ಈಗ ಕೆಸರು ಮಾಡುವ ಟ್ರ್ಯಾಕ್ಟರಿನ ಬೆನ್ನಿಗೇ ಬೆಳ್ಳಕ್ಕಿಗಳ ಹಿಂಡು ಇಳಿಯುತ್ತದೆ. ನೀರಾವರಿ ಹಕ್ಕಿಗಳಿಗೆ ಒಳ್ಳೆಯದನ್ನೇ ಮಾಡಿತಲ್ಲ ಎಂದರೆ ಪೂರ್ತಿ ಸುಳ್ಳೇನಲ್ಲ. ಆದರೆ ಮೇಯಲು ಬಂದ ಹಕ್ಕಿಯನ್ನು ಎಣಿಸುವುದು ಬೇರೆ, ಗೂಡಿನಿಂದ ಹಾರಿದ ಮರಿಯನ್ನು ಎಣಿಸುವುದು ಬೇರೆ. ಬೆಳೆದ ಹಕ್ಕಿಗಳು ಹಲವು ವರ್ಷ ಬದುಕುವುದರಿಂದ, ಮೊಟ್ಟೆಗಳು ಹಾಳಾಗುತ್ತಲೇ ಇದ್ದರೂ ಹಿಂಡು ಕೆಲಕಾಲ ತುಂಬಿಯೇ ಕಾಣುತ್ತದೆ.

ಹಕ್ಕಿಯ ಪಂಚಾಂಗವೂ ರೈತನ ಪಂಚಾಂಗವೂ ಕೂಡಿಬಂದರೆ ಗೂಡು ಗೆದ್ದಂತೆ. ಗೀಜಗನಿಗೆ ಕೂಡಿಬಂದಿದೆ. ಅದು ಗೂಡು ಕಟ್ಟುವುದು ಮಳೆಗಾಲದಲ್ಲಿ, ಮುಂಗಾರು ಭತ್ತ ಹಸಿರಾಗಿರುವಾಗ. ಗಂಡು ಭತ್ತದ ಗರಿಯನ್ನೇ ಸೀಳಿ ನೇಯುತ್ತದೆ. ಕಾಲುವೆಯ ಮೇಲೆ ಬಾಗಿದ ಜಾಲಿ ಕೊಂಬೆಯೋ ಈಚಲ ಗರಿಯೋ ಸಿಕ್ಕರೆ ಹಾವಿಗೆ ಗೂಡು ಸುಲಭಕ್ಕೆ ಎಟುಕದು. ಆದರೂ ಕಾಳು ತಿನ್ನುವ ಈ ಹಕ್ಕಿ ಮರಿಗೆ ಹುಳು ಉಣಿಸಬೇಕು, ಎಣ್ಣೆ ಹೊಡೆದ ಗದ್ದೆಯಲ್ಲಿ ಹುಳುವಿಗೇ ಬರ. ಟಿಟ್ಟಿಭದ ಪಾಡು ಇನ್ನೂ ಕಷ್ಟದ್ದು. ಅದು ಬರಿನೆಲದ ಹರಳುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಟ್ಟು ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಮೊಟ್ಟೆಯ ಮಣ್ಣುಬಣ್ಣ ಕಾಗೆಯ ಕಣ್ಣು ತಪ್ಪಿಸೀತು, ರೊಟವೇಟರನ್ನಲ್ಲ. ಮಾರ್ಚಿಯಿಂದ ಆಗಸ್ಟ್‌ವರೆಗೆ ಅದರ ಕಾಲ; ಬೇಸಿಗೆ ಭತ್ತ ಕೊಯ್ದು, ಕೂಳೆಗೆ ಬೆಂಕಿ ಇಟ್ಟು, ಮುಂಗಾರಿಗೆ ಉಳುವ ತಿಂಗಳುಗಳೂ ಅವೇ. ಒಂದೇ ಬೆಳೆಯಿದ್ದಾಗ ನೆಲಕ್ಕಿದ್ದ ಬಿಡುವನ್ನು ಎರಡನೇ ಬೆಳೆ ನುಂಗಿತು.

ಹಕ್ಕಿ ಹೊಂದಿಕೊಳ್ಳುತ್ತದೆ ಬಿಡಿ ಎನ್ನುವವರಿದ್ದಾರೆ. ಟಿಟ್ಟಿಭ ಜಲ್ಲಿ ಹಾಸಿದ ತಾರಸಿಯ ಮೇಲೂ ಮೊಟ್ಟೆ ಇಡುವುದುಂಟು, ನಿಜ. ಆದರೆ ಅದರ ಮರಿ ತುತ್ತಿಗಾಗಿ ಬಾಯಿ ತೆರೆದು ಕೂರುವಂಥದ್ದಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ನಡೆದು ತಾನೇ ಮೇಯಬೇಕು. ತಾರಸಿಯಲ್ಲಿ ಮೇಯಲು ಏನಿದೆ? ರೈತ ಹೊಲ ಬಿಟ್ಟು ಏನು ತಿನ್ನಬೇಕು ಎಂಬ ಪ್ರಶ್ನೆ ಇದಕ್ಕಿಂತ ತೂಕದ್ದು. ಹೊಲ ಬಿಡಬೇಕಾಗಿಲ್ಲ. ಮೊಟ್ಟೆ ಕಂಡಲ್ಲಿ ನಾಲ್ಕು ಹೆಜ್ಜೆ ಸುತ್ತಿ ಟ್ರ್ಯಾಕ್ಟರ್ ಹೊಡೆದರೆ, ಕೂಳೆ ಸುಡದಿದ್ದರೆ, ದಂಡೆಯ ಈಚಲು ಉಳಿಸಿದರೆ ಇಳುವರಿಯೇನೂ ಕುಸಿಯದು. ನದಿಯಾಚೆ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತವೆಂಬ ಹಕ್ಕಿಗೆ ಮಾತ್ರ ಈ ಮದ್ದು ನಾಟುವುದಿಲ್ಲ. ಅದು ನೆಲದ ಮೇಲೆ ಇಡುವುದೇ ಸಾಮಾನ್ಯವಾಗಿ ಒಂದು ಮೊಟ್ಟೆ. ಅದಕ್ಕೆ ವಿಶಾಲವಾದ ಒಣಬಯಲೇ ಬೇಕು. ಅಂಥ ಬಯಲಿಗಾಗಿ ನೀರಾವರಿಯ ಆಸೆ ಬಿಡಬೇಕಾದ ರೈತರಿಗೆ ಸರ್ಕಾರ ಪರಿಹಾರ ಕೊಡಬೇಕು, ಬರೀ ಉಪದೇಶವನ್ನಲ್ಲ.