ಕಟ್ಟಿಟ್ಟ ಗಂಟಿನ ಅನುಮತಿ

ದಫ್ತರಖಾನೆಯನ್ನು ಕಂಡವರು ಬಲ್ಲರು: ಹಳೆಯ ಕಾಗದಪತ್ರಗಳನ್ನು ವರ್ಷವಾರು ಜೋಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೊಂದು ಚೀಟಿ ಅಂಟಿಸಿ ಅಟ್ಟಕ್ಕೇರಿಸಿದರೆ ಅನಂತರ ಅದರ ಗೊಡವೆಗೆ ಹೋಗುವವರು ವಿರಳ. ಈಗ ಕಾಗದದ ಜಾಗಕ್ಕೆ ಗಣಕಯಂತ್ರ ಬಂದಿದೆ. ಗಂಟು ಕಟ್ಟುವ ಪದ್ಧತಿ ಮಾತ್ರ ಹೋಗಿಲ್ಲ. ವರ್ಷ ಮುಗಿದ ಮೇಲೆ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ಅದರೊಡನೆ ಬಂದ ಆದಾಯದ ಮತ್ತು ಜಾತಿಯ ಪ್ರಮಾಣಪತ್ರದ ಪ್ರತಿ, ಇವೆಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ಒಂದು ಮೂಲೆಗೆ ಸರಿಸಿಬಿಡಬಹುದು. ಆ ಗಂಟನ್ನು ಯಾರು ಯಾರು ಬಿಚ್ಚಿ ನೋಡಬಹುದು? ಇದು ಯಂತ್ರಶಾಸ್ತ್ರದವರ ಪ್ರಶ್ನೆಯೆಂದು ಕಲಾ ವಿಭಾಗದ ನಾವು ಪಕ್ಕಕ್ಕೆ ಸರಿಯುವಂತಿಲ್ಲ. ಗಂಟಿನೊಳಗೆ ಇರುವುದು ನಮ್ಮವೇ ಹೆಸರುಗಳು, ನಮ್ಮ ತಂದೆಯವರ ವರಮಾನದ ಅಂಕಿಗಳು.

ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಇದನ್ನು ಕಟ್ಟತೊಡಗಿದರು. 1991ರಲ್ಲಿ ಹುಟ್ಟಿದ ಲಿನಕ್ಸ್ ಅದರ ಮಾದರಿಯಲ್ಲೇ ಬೆಳೆದದ್ದು. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವಾಗ ಯಾರ ಕಡತವನ್ನು ಯಾರು ಮುಟ್ಟಬಹುದೆಂಬ ಕಟ್ಟಳೆ ಬೇಕೇ ಬೇಕಷ್ಟೆ. ಆ ಕಟ್ಟಳೆ ಬಹು ಸರಳವಾಗಿದೆ. ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರೆಲ್ಲ ಇತರರು. ಈ ಮೂವರಿಗೂ ಪ್ರತ್ಯೇಕವಾಗಿ ಓದುವ, ಬರೆಯುವ, ನಡೆಸುವ ಅನುಮತಿಯನ್ನು ಕೊಡಬಹುದು, ಕೊಡದಿರಬಹುದು. ಮೂರು ಮೂರಲಿ ಒಂಬತ್ತು ಗುರುತುಗಳಾದುವು. ಓದಿಗೆ 4, ಬರೆಹಕ್ಕೆ 2, ನಡೆಸುವುದಕ್ಕೆ 1 ಎಂದು ಬೆಲೆ ಕಟ್ಟಿ ಕೂಡಿದರೆ ಒಬ್ಬೊಬ್ಬರದೂ ಒಂದೊಂದು ಅಂಕೆ. 640 ಎಂದರೆ ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಏನೂ ಇಲ್ಲ. 600 ಎಂದರೆ ಒಡೆಯನೊಬ್ಬನಿಗೇ.

ಇನ್ನು ಗಂಟು ಕಟ್ಟುವ ಉಪಕರಣ. ಅದರ ಹೆಸರು ಟಾರ್. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಅದು ಕಾಣಿಸಿಕೊಂಡಿತು. ಕಡತಗಳನ್ನು ಆಗ ಕಾಂತಸುರುಳಿಯ ಟೇಪಿನ ಮೇಲೆ ಇಡುತ್ತಿದ್ದುದರಿಂದ ಟೇಪ್ ಆರ್ಕೈವ್ ಎಂಬೆರಡು ಮಾತುಗಳನ್ನು ಮೊಟಕಿಸಿ ಆ ಹೆಸರಿಟ್ಟರು. ಟಾರ್ ಎಂಬ ಆಜ್ಞೆಯ ಮುಂದೆ ಟಿ, ವಿ, ಎಫ್ ಎಂಬ ಮೂರು ಅಕ್ಷರಗಳನ್ನೂ ಗಂಟಿನ ಹೆಸರನ್ನೂ ಬರೆದರೆ, ಗಂಟನ್ನು ಬಿಚ್ಚದೆಯೇ ಒಳಗಿನ ಪಟ್ಟಿ ತೆರೆಯ ಮೇಲೆ ಬರುತ್ತದೆ. ಸಾಲಿನ ಮೊದಲಲ್ಲಿ ಆ ಒಂಬತ್ತು ಗುರುತುಗಳು. ಆಮೇಲೆ ಒಡೆಯನ ಮತ್ತು ಗುಂಪಿನ ಹೆಸರು, ಗಾತ್ರ, ದಿನಾಂಕ, ಕಡತದ ಹೆಸರು. ಈ ವಿವರ ಎಲ್ಲಿಂದ ಬಂತೆಂದರೆ, ಟಾರ್ ಪ್ರತಿಯೊಂದು ಕಡತದ ಮುಂದೆಯೂ 512 ಬೈಟುಗಳ ಒಂದು ತಲೆಬರೆಹವನ್ನು ಇಟ್ಟಿರುತ್ತದೆ. ಅನುಮತಿಯ ಅಂಕೆಗಳು ಅದರಲ್ಲಿ ಯಾವ ಗೂಢತೆಯೂ ಇಲ್ಲದೆ ಅಂಕೆಗಳಾಗಿಯೇ ಬರೆದಿರುತ್ತವೆ. ನಮ್ಮ ಗಂಟಿನ ಮೇಲಿನ ಚೀಟಿಗಿಂತ ಇದು ಎಷ್ಟೋ ಮೇಲು.

ಆದರೆ ಚೀಟಿ ಚೀಟಿಯೇ, ಬೀಗವಲ್ಲ. ಬಹು ಮಂದಿ ಎಡವುವುದು ಇಲ್ಲಿಯೇ. ಪಟ್ಟಿಯಲ್ಲಿ ಅಂಕಪಟ್ಟಿಯ ಮುಂದೆ ಒಡೆಯನಿಗೆ ಮಾತ್ರ ಎಂದು ಕಂಡೊಡನೆ ಅದು ಭದ್ರವಾಗಿದೆಯೆಂದು ನಿಶ್ಚಿಂತರಾಗುತ್ತಾರೆ. ವಾಸ್ತವವಾಗಿ ಆ ಗುರುತು, ಕಟ್ಟಿದ ದಿನ ಮೂಲ ಕಡತಕ್ಕೆ ಎಂಥ ಅನುಮತಿ ಇತ್ತೆಂಬುದರ ದಾಖಲೆ ಮಾತ್ರ. ಗಂಟೂ ಒಂದು ಕಡತವೇ. ಅದಕ್ಕೆ ಅದರದೇ ಒಡೆಯ, ಅದರದೇ ಒಂಬತ್ತು ಗುರುತು. ಬೇರೆ ಏರ್ಪಾಡು ಮಾಡದಿದ್ದರೆ ಅನೇಕ ಲಿನಕ್ಸ್ ಯಂತ್ರಗಳಲ್ಲಿ ಹೊಸ ಕಡತಕ್ಕೆ ದೊರೆಯುವ ಅನುಮತಿ 644, ಎಂದರೆ ಓದುವುದಕ್ಕೆ ಎಲ್ಲರೂ ಅರ್ಹರು. ಒಳಗೆ ನೂರು ಕಡತಗಳಿಗೆ 600 ಎಂದು ಬರೆದಿದ್ದರೂ, ಹೊರಗಿನ ಗಂಟು 644 ಆಗಿದ್ದು ಅದಿರುವ ಕೋಶಕ್ಕೆ ದಾರಿ ತೆರೆದಿದ್ದರೆ, ಆ ಯಂತ್ರದಲ್ಲಿ ಖಾತೆಯುಳ್ಳ ಯಾರಾದರೂ ನೂರನ್ನೂ ಓದಬಹುದು. ಇನ್ನೂ ಒಂದು ವಿನೋದವಿದೆ. ಸಾಮಾನ್ಯ ಬಳಕೆದಾರನೊಬ್ಬ ಗಂಟನ್ನು ತನ್ನ ಕೋಶದಲ್ಲಿ ಬಿಚ್ಚಿದರೆ ಹೊರಬಂದ ಕಡತಗಳ ಒಡೆಯ ಅವನೇ ಆಗುತ್ತಾನೆ. ಒಡೆಯನಿಗೆ ಮಾತ್ರ ಎಂಬ ಕಟ್ಟಳೆ ಆಗಲೂ ಚಾಚೂ ತಪ್ಪದೆ ನಡೆಯುತ್ತದೆ. ಒಡೆಯ ಮಾತ್ರ ಬದಲಾಗಿದ್ದಾನೆ!

ಆದಕಾರಣ ನೋಡಬೇಕಾದ ಸ್ಥಳ ಎರಡು. ಟಾರ್ ಆಜ್ಞೆಯಿಂದ ಒಳಗಿನ ಚೀಟಿಗಳು. ಎಲ್‌ಎಸ್ ಎಂಬ ಆಜ್ಞೆಗೆ ಎಲ್ ಅಕ್ಷರ ಸೇರಿಸಿ ಗಂಟಿನ ಅನುಮತಿ. ಎರಡನೆಯದೇ ಮುಖ್ಯವೆಂದು ನನ್ನ ಅಭಿಪ್ರಾಯ. ಅಲ್ಲಿ ಗುರುತುಗಳ ಕೊನೆಗೆ ಕೂಡುವ ಚಿಹ್ನೆಯೊಂದು ಕಂಡರೆ ಒಂಬತ್ತರಾಚೆಗೂ ಬಿಡಿ ಬಿಡಿ ವ್ಯಕ್ತಿಗಳಿಗೆ ಅನುಮತಿ ಕೊಟ್ಟಿದೆಯೆಂದು ಅರ್ಥ. ಆ ಪಟ್ಟಿಯನ್ನು ಗೆಟ್‌ಫ್ಯಾಕಲ್ ಎಂಬ ಉಪಕರಣ ತೋರಿಸುತ್ತದೆ. ಲಿನಕ್ಸಿನಲ್ಲಿ ಬಳಕೆಯಲ್ಲಿರುವ ಗ್ನೂ ಟಾರ್, ಕಟ್ಟುವಾಗ ಹೇಳದಿದ್ದರೆ ಅಂಥ ಪಟ್ಟಿಯನ್ನು ಗಂಟಿನೊಳಗೆ ಸೇರಿಸುವುದಿಲ್ಲ.

ಯಂತ್ರದ ಆಡಳಿತಗಾರನು ಬಿಚ್ಚುವಾಗ ಸಂಗತಿ ಬೇರೆ. ಅವನಿಗೆ ಎಲ್ಲ ಅಧಿಕಾರವೂ ಇರುವುದರಿಂದ ಟಾರ್ ಹಳೆಯ ಒಡೆಯರನ್ನೇ ಮತ್ತೆ ನಿಲ್ಲಿಸಲು ಯತ್ನಿಸುತ್ತದೆ. ಚೀಟಿಯಲ್ಲಿ ಒಡೆಯನ ಹೆಸರೂ ಇರುತ್ತದೆ, ಅವನ ಖಾತೆಯ ಸಂಖ್ಯೆಯೂ ಇರುತ್ತದೆ. ಹೆಸರು ಹೊಸ ಯಂತ್ರದಲ್ಲಿ ಸಿಕ್ಕಿದರೆ ಹೆಸರು, ಸಿಗದಿದ್ದರೆ ಸಂಖ್ಯೆ. ಐದು ವರ್ಷಗಳ ಹಿಂದೆ 1001 ಎಂಬ ಸಂಖ್ಯೆ ಪರೀಕ್ಷಾ ವಿಭಾಗದ ಗುಮಾಸ್ತರದಾಗಿತ್ತೆಂದು ಭಾವಿಸೋಣ. ಅವರು ವರ್ಗವಾಗಿ ಹೋದರು. ಹೊಸ ಯಂತ್ರದಲ್ಲಿ ಅವರ ಹೆಸರಿಲ್ಲ, 1001 ಮತ್ತೊಬ್ಬರ ಪಾಲಾಗಿದೆ. ಗಂಟು ಬಿಚ್ಚಿದೊಡನೆ ಅಂಕಪಟ್ಟಿಯೆಲ್ಲ ಆ ಹೊಸಬರ ಸೊತ್ತು. ಬಿಚ್ಚುವ ಮೊದಲೇ ಒಮ್ಮೆ ಹೆಸರಿನಿಂದಲೂ ಒಮ್ಮೆ ಸಂಖ್ಯೆಯಿಂದಲೂ ಪಟ್ಟಿ ತೆಗೆಸಿ ಎರಡನ್ನೂ ತಾಳೆ ನೋಡಿದರೆ ಇದು ಗೊತ್ತಾಗಿಬಿಡುತ್ತದೆ. ಟಾರ್‌ನಲ್ಲಿ ಅದಕ್ಕೂ ಅವಕಾಶವಿದೆ.

ಗಂಟನ್ನು ಪೆನ್‌ಡ್ರೈವಿನಲ್ಲಿ ಮನೆಗೋ ಮತ್ತೊಂದು ಕಚೇರಿಗೋ ಒಯ್ದರೆ ಮೇಲೆ ಹೇಳಿದ ಯಾವ ಕಟ್ಟಳೆಯೂ ನಿಲ್ಲದು. ಅನೇಕ ಪೆನ್‌ಡ್ರೈವುಗಳು ಫ್ಯಾಟ್ ಎಂಬ ಪದ್ಧತಿಯಲ್ಲಿ ಸಿದ್ಧವಾಗಿರುತ್ತವೆ, ಅದರಲ್ಲಿ ಯೂನಿಕ್ಸಿನ ಒಂಬತ್ತು ಗುರುತುಗಳಿಗೆ ಸ್ಥಳವೇ ಇಲ್ಲ. ಒಯ್ಯಲೇಬೇಕಾದರೆ ಗಂಟನ್ನು ಗೂಢಲಿಪಿಗೆ ತಿರುಗಿಸಬೇಕು. ಜಿಪಿಜಿ ಎಂಬ ಉಪಕರಣ ಆ ಕೆಲಸ ಮಾಡುತ್ತದೆ. ಅದಕ್ಕೆ ಕೊಟ್ಟ ಗುಪ್ತಪದ ಮರೆತುಹೋದರೆ ಗಂಟು ಒಡೆಯನಿಗೂ ದಕ್ಕುವುದಿಲ್ಲವಾದುದರಿಂದ, ಅದನ್ನು ಲಕೋಟೆಯಲ್ಲಿ ಮೊಹರು ಮಾಡಿ ಪ್ರಾಂಶುಪಾಲರ ಬೀರುವಿನಲ್ಲಿ ಇರಿಸುವುದು ಒಳ್ಳೆಯದು. ಪೆನ್‌ಡ್ರೈವು ಇರುವ ಬೀರುವಿನಲ್ಲಿ ಮಾತ್ರ ಬೇಡ.